ಗೀತೆ ತಪ್ಪಿತು, ಗೋಲು ತಪ್ಪಲಿಲ್ಲ

2018ರ ಅಕ್ಟೋಬರ್ 13. ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ನೇಷನ್ಸ್ ಲೀಗ್ ಫುಟ್‌ಬಾಲ್ ಪಂದ್ಯ. ಎರಡೂ ತಂಡಗಳು ಸಾಲಾಗಿ ನಿಂತಿವೆ. ಮೊದಲು ಅತಿಥಿಗಳ ರಾಷ್ಟ್ರಗೀತೆ. ಅತಿಥಿಗಳು ಜಿಬ್ರಾಲ್ಟರ್‌ನವರು, ಧ್ವನಿವರ್ಧಕದಲ್ಲಿ ಮೊಳಗಿದ್ದು ಮಾತ್ರ ಲಿಕ್ಟನ್‌ಸ್ಟೈನ್‌ನ ರಾಷ್ಟ್ರಗೀತೆ.

ಇದರಲ್ಲಿ ಇನ್ನೂ ಒಂದು ತಮಾಷೆಯಿದೆ. ಲಿಕ್ಟನ್‌ಸ್ಟೈನ್‌ನವರು ತಮ್ಮ ಗೀತೆಯನ್ನು ಹಾಡುವುದು ಬ್ರಿಟನ್ನಿನ ಅಂದಿನ ‘ಗಾಡ್ ಸೇವ್ ದ ಕ್ವೀನ್’ ಧಾಟಿಯಲ್ಲೇ. ಜಿಬ್ರಾಲ್ಟರ್ ಬ್ರಿಟನ್ನಿಗೆ ಸೇರಿದ ನೆಲ. ಹಾಗಾಗಿ ಕೇಳಿದ ಧಾಟಿ ಆ ಹುಡುಗರ ಕಿವಿಗೆ ಹೊಸದೇನಲ್ಲ. ಆದರೆ ತಮ್ಮದೇ ಒಂದು ಗೀತೆಗೆ ಮೈದಾನದಲ್ಲಿ ಎದ್ದು ನಿಲ್ಲಬೇಕು ಎಂದು ಹದಿನಾರು ವರ್ಷ ಅರ್ಜಿ ಹಿಡಿದು ಅಲೆದವರಿಗೆ ಆ ಗೀತೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೇಳಿಸಿತ್ತು. ಅರ್ಮೇನಿಯಾದವರು ಆಮೇಲೆ ಕ್ಷಮೆ ಕೇಳಿದರು.

ಉತ್ತರ ಬಂದದ್ದು 50ನೇ ನಿಮಿಷದಲ್ಲಿ. ಜೋಸೆಫ್ ಚಿಪೊಲಿನಾ ಪೆನಾಲ್ಟಿಯನ್ನು ಬಲೆಗೆ ಸೇರಿಸಿದರು. ಹೆನ್ರಿಖ್ ಮಖಿತರ್ಯಾನ್‌ರಂಥ ಆಟಗಾರನಿದ್ದ ಅರ್ಮೇನಿಯಾ ಉಳಿದ ಹೊತ್ತೆಲ್ಲ ಮುತ್ತಿಗೆ ಹಾಕಿದರೂ ಗೋಲ್‌ಕೀಪರ್ ಕೈಲ್ ಗೋಲ್ಡ್‌ವಿನ್ ಜಗ್ಗಲಿಲ್ಲ. 1–0. ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಸಾಲಾಗಿ 22 ಸೋಲು ಉಂಡ ತಂಡಕ್ಕೆ ಅದು ಮೊದಲ ಗೆಲುವು. ಮೂರು ದಿನ ಕಳೆದು ಅವರ ಊರಿಗೆ ಆಡಲು ಬಂದದ್ದು ಯಾರು? ಅದೇ ಲಿಕ್ಟನ್‌ಸ್ಟೈನ್. ಅವರನ್ನೂ 2–1ರಿಂದ ಸೋಲಿಸಿ ಕಳಿಸಿದರು.

ಜಿಬ್ರಾಲ್ಟರ್ ಎಂದರೆ ಸ್ಪೇನಿನ ದಕ್ಷಿಣ ತುದಿಗೆ ಅಂಟಿಕೊಂಡ ಒಂದು ದೊಡ್ಡ ಬಂಡೆ, ಬಂಡೆಯ ಬುಡದಲ್ಲೊಂದು ಪಟ್ಟಣ. ವಿಸ್ತೀರ್ಣ 6.8 ಚದರ ಕಿಲೋಮೀಟರ್. ನಮ್ಮ ಕಬ್ಬನ್ ಪಾರ್ಕನ್ನು ಐದಾರು ಸಲ ಪಕ್ಕಪಕ್ಕ ಹಾಸಿದರೆ ಮುಗಿದುಹೋಗುವಷ್ಟು. ಜನ 34 ಸಾವಿರದ ಆಸುಪಾಸು. ಬೀದಿಯಲ್ಲಿ ಕೇಳಿಸುವ ಮಾತು ಯಾನಿತೊ: ಆಂಡಲೂಸಿಯಾದ ಸ್ಪ್ಯಾನಿಷಿಗೆ ಇಂಗ್ಲಿಷ್ ಬೆರೆತದ್ದು. ಸ್ಪ್ಯಾನಿಷಿನಲ್ಲಿ ಶುರುವಾದ ವಾಕ್ಯ ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಗಿರುವುದು ಒಂದೇ ವಿಮಾನ ನಿಲ್ದಾಣ. ಅದರ ರನ್‌ವೇಯನ್ನು ಮುಖ್ಯರಸ್ತೆ ಅಡ್ಡ ಹಾಯುತ್ತದೆ. ಸುರಂಗ ಮಾರ್ಗ ತೆರೆದ 2023ರವರೆಗೂ ವಿಮಾನ ಇಳಿಯುವಾಗ ಕಾರು, ಬಸ್ಸು, ಸ್ಕೂಟರುಗಳೆಲ್ಲ ರೈಲ್ವೆ ಗೇಟಿನಲ್ಲಿ ಕಾಯುವ ಹಾಗೆ ಕಾಯುತ್ತಿದ್ದವು. ಆ ರನ್‌ವೇಯ ಪಕ್ಕದಲ್ಲೇ ವಿಕ್ಟೋರಿಯಾ ಕ್ರೀಡಾಂಗಣ ಇತ್ತು. ಅಲ್ಲಿ ಕಾರ್ನರ್ ಕಿಕ್ ತೆಗೆದುಕೊಳ್ಳುತ್ತಿದ್ದವನ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ವಿಮಾನ.

ಇಷ್ಟು ಸಣ್ಣ ಊರಿಗೆ ಅಂತರರಾಷ್ಟ್ರೀಯ ತಂಡ ಯಾಕೆ ಬೇಕು ಎಂದು ಸ್ಪೇನ್ ಕೇಳಿತು. ಇಷ್ಟು ಸಣ್ಣ ಊರಿನ ತಂಡಕ್ಕೆ ಇಷ್ಟು ದೊಡ್ಡ ಸ್ಪೇನ್ ಯಾಕೆ ಹೆದರಬೇಕು ಎಂದು ಜಿಬ್ರಾಲ್ಟರ್ ಕೇಳಿತು. ಎರಡೂ ಪ್ರಶ್ನೆಗಳ ಹಿಂದೆ ಮುನ್ನೂರು ವರ್ಷ ಹಳೆಯದೊಂದು ಯುದ್ಧವಿದೆ.

ಸ್ಪೇನಿನ ಸಿಂಹಾಸನ ಯಾರಿಗೆ ಎಂಬ ಜಗಳದಲ್ಲಿ 1704ರಲ್ಲಿ ಇಂಗ್ಲಿಷ್ ಮತ್ತು ಡಚ್ ನೌಕಾಪಡೆಗಳು ಸೇರಿ ಬಂಡೆಯನ್ನು ಹಿಡಿದವು. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಸ್ಪೇನ್ ಅದನ್ನು ಬ್ರಿಟನ್ನಿಗೆ ಬರೆದುಕೊಟ್ಟಿತು. ಬರೆದುಕೊಟ್ಟದ್ದು ಬಂಡೆ, ಪಟ್ಟಣ, ಬಂದರು ಮಾತ್ರ. ಬಂಡೆಗೂ ಸ್ಪೇನಿಗೂ ನಡುವಿನ ಭೂಸಂಧಿಯನ್ನಲ್ಲ ಎಂಬುದು ಸ್ಪೇನಿನ ಇವತ್ತಿನ ವಾದವೂ ಹೌದು. ವಿಮಾನ ನಿಲ್ದಾಣ ಇರುವುದು ಆ ಭೂಸಂಧಿಯ ಮೇಲೆ. ಕ್ರೀಡಾಂಗಣವಿದ್ದದ್ದೂ ಅಲ್ಲೇ. ಅಂದರೆ ಸ್ಪೇನಿನ ಲೆಕ್ಕದಲ್ಲಿ ಜಿಬ್ರಾಲ್ಟರ್ ತಂಡ ಆಡುತ್ತಿದ್ದ ಹುಲ್ಲುಹಾಸೇ ಒತ್ತುವರಿ ಜಾಗ.

ಊರಿನವರ ಮನಸ್ಸು ಏನು ಎಂದು ಎರಡು ಸಲ ಮತಕ್ಕೆ ಹಾಕಿ ಕೇಳಿದ್ದಾಗಿದೆ. 1967ರಲ್ಲಿ ಬ್ರಿಟನ್ ಜತೆಗೇ ಇರುತ್ತೇವೆ ಎಂದವರು 12,138 ಮಂದಿ, ಸ್ಪೇನಿಗೆ ಸೇರುತ್ತೇವೆ ಎಂದವರು 44. ಇದಾಗಿ ಎರಡು ವರ್ಷಕ್ಕೆ, 1969ರಲ್ಲಿ, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯ ಗೇಟಿಗೆ ಬೀಗ ಹಾಕಿತು. ಆಚೆಗೆ ಲಾ ಲೀನಿಯ ಎಂಬ ಸ್ಪೇನಿನ ಪಟ್ಟಣ. ಅಕ್ಕ ಇಲ್ಲಿ, ತಂಗಿ ಅಲ್ಲಿ. ಅತ್ತೆಮನೆ ಈಚೆ, ತವರು ಆಚೆ. ಜನ ಭಾನುವಾರಗಳಂದು ಬೇಲಿಯ ಎರಡೂ ಕಡೆ ನಿಂತು ಕೂಗಿ ಕೂಗಿ ಮಾತಾಡಿದರು, ಹುಟ್ಟಿದ ಕೂಸುಗಳನ್ನು ಎತ್ತಿ ತೋರಿಸಿದರು. 1982ರಲ್ಲಿ ನಡೆದು ಹೋಗುವವರಿಗೆ ಗೇಟು ತೆರೆಯಿತು, ಪೂರ್ತಿ ತೆರೆದದ್ದು 1985ರಲ್ಲಿ. ಆ ಹದಿಮೂರು, ಹದಿನಾರು ವರ್ಷಗಳಲ್ಲಿ ಬೆಳೆದ ಹುಡುಗರೇ ಮುಂದೆ ಫುಟ್‌ಬಾಲ್ ಸಂಸ್ಥೆಯ ಕುರ್ಚಿಗಳಲ್ಲಿ ಕುಳಿತರು ಎಂಬುದನ್ನು ಮರೆತರೆ ಈ ಹಟ ಅರ್ಥವಾಗುವುದಿಲ್ಲ.

ಫುಟ್‌ಬಾಲ್ ಅಲ್ಲಿ ನಿನ್ನೆ ಮೊನ್ನೆಯದಲ್ಲ. ಜಿಬ್ರಾಲ್ಟರ್ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು 1895ರಲ್ಲಿ, ಸ್ಪೇನಿನ ರಾಷ್ಟ್ರೀಯ ಒಕ್ಕೂಟಕ್ಕಿಂತ ಮೊದಲು. 1949ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 2–2ರಲ್ಲಿ ತಡೆದು ನಿಲ್ಲಿಸಿದ್ದನ್ನು ಊರಿನ ಹಿರಿಯರು ಇಂದಿಗೂ ಹೇಳಿಕೊಳ್ಳುತ್ತಾರೆ.

ಸಂಸ್ಥೆ ಫಿಫಾ ಬಾಗಿಲು ತಟ್ಟಿದ್ದು 1997ರಲ್ಲಿ. ಫಿಫಾ ಕಡತವನ್ನು ಯುರೋಪಿನ ಒಕ್ಕೂಟವಾದ ಯುಇಎಫ್‌ಎಗೆ ದಾಟಿಸಿತು. ಆಗಿನ ನಿಯಮದ ಪ್ರಕಾರ ಅರ್ಜಿ ತಿರಸ್ಕರಿಸಲು ಕಾರಣ ಇರಲಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಒಂದೇ ದೇಶದೊಳಗಿದ್ದೂ ನಾಲ್ಕು ತಂಡ. ಡೆನ್ಮಾರ್ಕಿಗೆ ಸೇರಿದ ಫ್ಯಾರೊ ದ್ವೀಪಗಳು 1990ರಲ್ಲಿ ಒಳಬಂದು, ಮೊದಲ ಸ್ಪರ್ಧಾತ್ಮಕ ಪಂದ್ಯದಲ್ಲೇ ಆಸ್ಟ್ರಿಯಾವನ್ನು 1–0ರಿಂದ ಕೆಡವಿದ್ದವು. ಆ ಪಂದ್ಯದ ಗೋಲ್‌ಕೀಪರ್ ತಲೆಗೆ ಉಣ್ಣೆ ಟೋಪಿ ಹಾಕಿಕೊಂಡೇ ಆಡಿದ್ದ; ಗೋಲು ಹೊಡೆದಾತ ಮರದ ವ್ಯಾಪಾರಿ. ಅವರಿಗೆ ಸಿಕ್ಕ ಚೀಟಿ ನಮಗೇಕಿಲ್ಲ ಎಂಬುದು ಜಿಬ್ರಾಲ್ಟರ್‌ನ ಸರಳ ಪ್ರಶ್ನೆ.

2001ರಲ್ಲಿ ಯುಇಎಫ್‌ಎ ತನ್ನ ನಿಯಮ ತಿದ್ದಿತು. ವಿಶ್ವಸಂಸ್ಥೆ ಸ್ವತಂತ್ರ ರಾಷ್ಟ್ರವೆಂದು ಒಪ್ಪಿದ ದೇಶಗಳಿಗೆ ಮಾತ್ರ ಇನ್ನು ಮುಂದೆ ಸದಸ್ಯತ್ವ. ಈಗಾಗಲೇ ಒಳಗಿದ್ದವರಿಗೆ ಇದು ತಟ್ಟುವುದಿಲ್ಲ. ಅರ್ಜಿ ಮೇಜಿನ ಮೇಲಿರುವಾಗಲೇ ಅದು ಯಾರನ್ನು ತಟ್ಟಲಿ ಎಂದು ಬರೆದ ತಿದ್ದುಪಡಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಒಕ್ಕೂಟ ಚಾಪೆಯ ಕೆಳಗೆ ತೂರಿದರೆ ಜಿಬ್ರಾಲ್ಟರ್‌ನ ವಕೀಲರು ರಂಗೋಲಿಯ ಕೆಳಗೆ ತೂರಿದರು. ಲೊಸಾನ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಅವರು ಕೇಳಿದ್ದು ಒಂದೇ ಮಾತು: ನಮ್ಮ ಅರ್ಜಿಯ ತಾರೀಖು ಯಾವುದು, ನಿಮ್ಮ ನಿಯಮದ ತಾರೀಖು ಯಾವುದು? ಅರ್ಜಿ ಹಳೆಯದು, ಆದ್ದರಿಂದ ಹಳೆಯ ನಿಯಮವೇ ಅನ್ವಯಿಸಬೇಕು ಎಂದು 2003ರಲ್ಲಿ ಮಂಡಳಿ ಹೇಳಿತು. 2006ರಲ್ಲಿ ಮತ್ತೆ ಹೇಳಿತು.

ತೀರ್ಪು ಕೈಯಲ್ಲಿದ್ದರೆ ಸಾಲದು, ಮತ ಬೇಕು. 2007ರ ಜನವರಿಯಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಯುಇಎಫ್‌ಎ ಮಹಾಸಭೆ. ಜಿಬ್ರಾಲ್ಟರ್ ಬಂದರೆ ನಮ್ಮ ತಂಡ, ನಮ್ಮ ಕ್ಲಬ್ಬುಗಳು ಹೊರನಡೆಯುತ್ತವೆ ಎಂಬ ಸ್ಪೇನಿನ ಬೆದರಿಕೆ ಮೊದಲೇ ಎಲ್ಲರ ಕಿವಿಗೆ ಬಿದ್ದಿತ್ತು. ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಇಲ್ಲದ ಚಾಂಪಿಯನ್ಸ್ ಲೀಗ್ ಯಾರಿಗೆ ಬೇಕು? ಪರವಾಗಿ ಬಿದ್ದ ಮತ ಮೂರು: ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್. ವಿರುದ್ಧ 45. ನಾಲ್ಕು ತಟಸ್ಥ.

ಮನೆಗೆ ಬಂದ ಮೇಲೆ ಮತ್ತೆ ಕಡತ, ಮತ್ತೆ ಲೊಸಾನ್. ಅದೇ ವರ್ಷ ಗ್ರೀಸಿನ ರೋಡ್ಸ್‌ನಲ್ಲಿ ನಡೆದ ದ್ವೀಪಗಳ ಕ್ರೀಡಾಕೂಟದಲ್ಲಿ ಜಿಬ್ರಾಲ್ಟರ್ ಫುಟ್‌ಬಾಲ್ ಚಿನ್ನ ಗೆದ್ದಿತು ಎಂಬುದಷ್ಟೇ ಸಮಾಧಾನ. ದ್ವೀಪವಲ್ಲದ ಊರು ದ್ವೀಪಗಳ ಕೂಟದಲ್ಲಿ ಹೇಗೆ ಆಡಿತು ಎಂದು ಕೇಳಬೇಡಿ. ಆಡಲು ಬೇರೆ ಅಂಗಳವೇ ಇರಲಿಲ್ಲ.

ಕೊನೆಗೆ 2013ರ ಮೇ 24ರಂದು ಲಂಡನ್ ಮಹಾಸಭೆಯಲ್ಲಿ ಜಿಬ್ರಾಲ್ಟರ್ ಯುಇಎಫ್‌ಎಯ 54ನೇ ಸದಸ್ಯನಾಯಿತು. ಈ ಸಲ ವಿರೋಧಿಸಿದ್ದು ಸ್ಪೇನ್ ಮತ್ತು ಬೆಲಾರುಸ್ ಮಾತ್ರ. ಜತೆಗೊಂದು ಒಪ್ಪಂದ: ಅರ್ಹತಾ ಸುತ್ತಿನ ಚೀಟಿ ಎತ್ತುವಾಗ ಸ್ಪೇನ್ ಮತ್ತು ಜಿಬ್ರಾಲ್ಟರ್ ಒಂದೇ ಗುಂಪಿಗೆ ಬೀಳದಂತೆ ನೋಡಿಕೊಳ್ಳಬೇಕು. ಬೇಲಿಯ ಆಚೆ ಈಚೆಯವರು ಯುರೋಪಿನಲ್ಲೆಲ್ಲ ತಿರುಗಿ ಆಡಬಹುದು, ಪಕ್ಕದ ಮನೆಯವರೊಂದಿಗೆ ಆಡುವಂತಿಲ್ಲ. ಫಿಫಾದ ಬಾಗಿಲಿಗೆ ಇನ್ನೂ ಮೂರು ವರ್ಷ ಹಿಡಿಯಿತು. ಅದಕ್ಕೂ ನ್ಯಾಯಮಂಡಳಿಯ ಆದೇಶವೇ ಬೇಕಾಯಿತು. 2016ರ ಮೇ 13ರಂದು ಮೆಕ್ಸಿಕೊ ಸಿಟಿಯಲ್ಲಿ 172 ಮತ ಪರ, 12 ವಿರುದ್ಧ. ಅದೇ ದಿನ ಕೊಸೊವೊ ಕೂಡ ಒಳಬಂತು.

ಮೊದಲ ಅಧಿಕೃತ ಪಂದ್ಯವನ್ನು 2013ರ ನವೆಂಬರಿನಲ್ಲಿ ಸ್ಲೊವಾಕಿಯಾ ವಿರುದ್ಧ ಆಡಿ 0–0 ಡ್ರಾ ಮಾಡಿಕೊಂಡಾಗ ಊರು ಹಬ್ಬ ಮಾಡಿತು. ಪಂದ್ಯ ನಡೆದದ್ದು ಮಾತ್ರ ಪೋರ್ಚುಗಲ್‌ನ ಫಾರೊ ಪಟ್ಟಣದ ಬಳಿ. ರನ್‌ವೇ ಪಕ್ಕದ ಕ್ರೀಡಾಂಗಣ ಅಂತರರಾಷ್ಟ್ರೀಯ ಮಾನದಂಡ ಮುಟ್ಟಿರಲಿಲ್ಲ. ತಂಡದಲ್ಲಿದ್ದವರು ಯಾರು? ಗೋಲ್‌ಕೀಪರ್ ಜೋರ್ಡನ್ ಪೆರೆಸ್ ಅಗ್ನಿಶಾಮಕ ದಳದವರು. ಮುಂಪಡೆಯ ಲೀ ಕ್ಯಾಸಿಯಾರೊ ಪೊಲೀಸ್. ಪೋಲೆಂಡ್ 7–0ರಿಂದ ಬಡಿಯಿತು. 2015ರ ಮಾರ್ಚ್‌ನಲ್ಲಿ ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸ್ಕಾಟ್ಲೆಂಡ್ ಒಂದು ಗೋಲು ಹೊಡೆದ ಮರುನಿಮಿಷವೇ ಕ್ಯಾಸಿಯಾರೊ ಚೆಂಡನ್ನು ಬಲೆಗೆ ನುಗ್ಗಿಸಿ 1–1 ಮಾಡಿದರು. ಸ್ಪರ್ಧಾತ್ಮಕ ಪಂದ್ಯದಲ್ಲಿ ಜಿಬ್ರಾಲ್ಟರ್‌ನ ಮೊಟ್ಟಮೊದಲ ಗೋಲು. ಆಟ ಮುಗಿದಾಗ ಫಲಕದಲ್ಲಿ ಇದ್ದದ್ದು 6–1. ಊರಿನಲ್ಲಿ ಮಾತ್ರ ಆ ಒಂದನ್ನೇ ಹೇಳುತ್ತಾರೆ, ಆರನ್ನಲ್ಲ. ಮುಂದಿನ ವರ್ಷ ಜುಲೈನಲ್ಲಿ ಅದೇ ಪೊಲೀಸಪ್ಪ ತನ್ನ ಕ್ಲಬ್ ಲಿಂಕನ್ ರೆಡ್ ಇಂಪ್ಸ್ ಪರವಾಗಿ ಗೋಲು ಹೊಡೆದು ಸ್ಕಾಟ್ಲೆಂಡಿನ ದೈತ್ಯ ಸೆಲ್ಟಿಕ್ ತಂಡವನ್ನು 1–0ರಿಂದ ಮಣಿಸಿದರು. ಈ ಸಲ ರನ್‌ವೇ ಪಕ್ಕದಲ್ಲೇ.

ಇಷ್ಟಕ್ಕೂ ಸ್ಪೇನಿಗಿದ್ದ ಭಯ ಜಿಬ್ರಾಲ್ಟರ್‌ನದಲ್ಲ. ಇವರಿಗೆ ಕೊಟ್ಟರೆ ನಾಳೆ ಬಾರ್ಸಿಲೋನಾದವರು ಕೇಳುತ್ತಾರೆ, ನಾಡಿದ್ದು ಬಿಲ್ಬಾವೊದವರು ಕೇಳುತ್ತಾರೆ ಎಂಬ ಭಯ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಅವರು ಆಗಲೇ ಕೇಳುತ್ತಿದ್ದರು.

ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯದ ಗಾಯವೂ ಅದೇ ಯುದ್ಧದ್ದು. ಜಿಬ್ರಾಲ್ಟರ್ ಕೈಬಿಟ್ಟು ಹತ್ತು ವರ್ಷಕ್ಕೆ, 1714ರ ಸೆಪ್ಟೆಂಬರ್ 11ರಂದು, ಬಾರ್ಸಿಲೋನಾ ನಗರ ಬೂರ್ಬೊನ್ ದೊರೆಯ ಸೈನ್ಯಕ್ಕೆ ಶರಣಾಯಿತು. ಕ್ಯಾಟಲನ್ನರು ತಮ್ಮ ಹಳೆಯ ಆಡಳಿತ ಸಂಸ್ಥೆಗಳನ್ನು ಕಳೆದುಕೊಂಡರು. ಸೋತ ಆ ದಿನವೇ ಇವತ್ತು ಅವರ ನಾಡಹಬ್ಬ. 2012ರಿಂದೀಚೆಗೆ ಬಾರ್ಸಿಲೋನಾ ಕ್ಲಬ್ಬಿನ ತವರು ಮೈದಾನ ಕ್ಯಾಂಪ್ ನೌನಲ್ಲಿ ಆಟ 17 ನಿಮಿಷ 14 ಸೆಕೆಂಡು ಮುಟ್ಟಿದಾಗ ಗ್ಯಾಲರಿಯಿಂದ ಸ್ವಾತಂತ್ರ್ಯದ ಘೋಷಣೆ ಏಳುವುದು ವಾಡಿಕೆಯಾಯಿತು. ಮೈದಾನದಲ್ಲಿ ಮೆಸ್ಸಿ ಚೆಂಡು ಹಿಡಿದು ಓಡುತ್ತಿದ್ದರೂ ಸರಿ, ಗಡಿಯಾರ ಆ ಅಂಕಿ ತೋರಿಸಿದರೆ ಜನ ಮೂರು ಶತಮಾನ ಹಿಂದಕ್ಕೆ ಹೋಗಿಬರುತ್ತಿದ್ದರು.

ತಂಡ ಇಲ್ಲದವರಿಗೆ ಕ್ಲಬ್ಬೇ ತಂಡ. ಊರ ಹುಡುಗರು ಒಬ್ಬಿಬ್ಬರೇ ಇದ್ದರೂ ಆರ್‌ಸಿಬಿಯನ್ನು ತಲೆಮೇಲೆ ಹೊತ್ತ ನಮ್ಮವರಿಗೆ ಈ ಪ್ರೀತಿಯ ಜಾಡು ಗೊತ್ತಿದೆ. ಆದರೆ ನಮ್ಮಲ್ಲಿ ರಾಜ್ಯದ ಹೆಸರು ಹೊತ್ತು ಆಡಲು ರಣಜಿ ಟ್ರೋಫಿಯೂ ಇದೆ; ಹದಿನೈದು ವರ್ಷ ಬಿಡದೆ ಕಪ್ ಇಟ್ಟುಕೊಂಡಿದ್ದ ಮುಂಬೈಯಿಂದ ಅದನ್ನು 1974ರಲ್ಲಿ ಕಿತ್ತುಕೊಂಡ ಕಥೆಯಿದೆ. ಸ್ಪೇನಿನ ದೊಡ್ಡ ಫುಟ್‌ಬಾಲ್ ನಡೆಯುವುದು ಕ್ಲಬ್ಬುಗಳ ನಡುವೆ. ಕ್ಯಾಟಲೋನಿಯಾ ಎಂಬ ಹೆಸರಿಗೆ ಅಲ್ಲಿ ಉಳಿದದ್ದು ಕ್ರಿಸ್‌ಮಸ್ ರಜೆಯ ಹೊತ್ತಿನ ಒಂದು ಸೌಹಾರ್ದ ಪಂದ್ಯ. 2009ರ ಡಿಸೆಂಬರಿನಲ್ಲಿ ಯೊಹಾನ್ ಕ್ರೈಫ್ ತರಬೇತಿಯ ಕ್ಯಾಟಲೋನಿಯಾ ತಂಡ ಅರ್ಜೆಂಟೀನಾವನ್ನು 4–2ರಿಂದ ಸೋಲಿಸಿತು. ಅದು ಯಾವ ದಾಖಲೆಗೂ ಸೇರದ ಗೆಲುವು.

ಇದನ್ನು ಬದಲಿಸಬೇಕೆಂದು ಹೊರಟವರು ಬೀದಿಯಲ್ಲಿ ಮೇಜು ಹಾಕಿ ಸಹಿ ಸಂಗ್ರಹಿಸಿದರು. ಅದರ ಫಲವಾಗಿ 1999ರ ಜುಲೈನಲ್ಲಿ ಕ್ಯಾಟಲೋನಿಯಾದ ಸಂಸತ್ತು ತನ್ನ ತಂಡಗಳಿಗೆ ಬೆಂಬಲ ಕೊಡುವ ಕಾಯ್ದೆ ಮಾಡಿತು. ‘ಒಂದು ನಾಡು, ಒಂದು ತಂಡ’ ಎಂಬುದು ಚಳವಳಿಯ ಕೂಗು. ಮ್ಯಾಡ್ರಿಡ್ ಸರ್ಕಾರ ಕಾಯ್ದೆಯನ್ನು ಸಾಂವಿಧಾನಿಕ ನ್ಯಾಯಾಲಯಕ್ಕೆ ಎಳೆಯಿತು. ಕಾಯ್ದೆಯ ಹಾಳೆ ನ್ಯಾಯಾಲಯದಲ್ಲಿ ಹಳದಿಯಾಗುತ್ತಿರುವಾಗ ಚಳವಳಿಗಾರರು ಬೇರೆ ದಾರಿ ಹಿಡಿದರು: ಫುಟ್‌ಬಾಲಿನ ಹೆಬ್ಬಾಗಿಲು ಬಿಟ್ಟು, ಚಕ್ರದ ಬೂಟಿನ ಹಿತ್ತಲ ಬಾಗಿಲು.

ರೋಲರ್ ಹಾಕಿ ನಮ್ಮಲ್ಲಿ ಅಷ್ಟಾಗಿ ಕಾಣದ ಆಟ. ಕಾಲಿಗೆ ಸ್ಕೇಟ್ಸ್, ಕೈಯಲ್ಲಿ ಬಾಗಿದ ಕೋಲು, ಸಿಮೆಂಟಿನ ಅಥವಾ ಮರದ ನೆಲ, ಒಂದು ಕಡೆಗೆ ಐದೇ ಮಂದಿ. ಸ್ಪೇನ್ ಇದರಲ್ಲಿ ಜಗತ್ತಿನ ದೊಡ್ಡ ಶಕ್ತಿ. ಆ ಶಕ್ತಿಯ ಬಹುಪಾಲು ಬರುವುದು ಕ್ಯಾಟಲೋನಿಯಾದ ಸಣ್ಣಸಣ್ಣ ಊರುಗಳಿಂದ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಸಮಾರಾಂಕ್ ಬಾರ್ಸಿಲೋನಾದವರು, ಯೌವನದಲ್ಲಿ ಇದೇ ಆಟ ಆಡಿದವರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅದು ಪ್ರದರ್ಶನ ಕ್ರೀಡೆಯಾಗಿ ಬಂದಿತ್ತು. ಇಂಥ ಆಟದ ಅಂತರರಾಷ್ಟ್ರೀಯ ಒಕ್ಕೂಟ 2004ರ ಮಾರ್ಚ್‌ನಲ್ಲಿ ಕ್ಯಾಟಲೋನಿಯಾಕ್ಕೆ ತಾತ್ಕಾಲಿಕ ಸದಸ್ಯತ್ವ ಕೊಟ್ಟಿತು. ಅಕ್ಟೋಬರಿನಲ್ಲಿ ಮಕಾವ್‌ನಲ್ಲಿ ‘ಬಿ’ ದರ್ಜೆಯ ವಿಶ್ವ ಚಾಂಪಿಯನ್‌ಷಿಪ್. ಕ್ಯಾಟಲೋನಿಯಾ ಮೊದಲ ಸಲ ತನ್ನದೇ ಹೆಸರಲ್ಲಿ ಆಡಿ ಕಪ್ ಗೆದ್ದುಕೊಂಡಿತು.

ಆ ಸಂಭ್ರಮಕ್ಕಿದ್ದ ಆಯುಸ್ಸು ತಿಂಗಳೊಪ್ಪತ್ತು. ನವೆಂಬರ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನಲ್ಲಿ ಒಕ್ಕೂಟದ ಮಹಾಸಭೆ ಸೇರಿತು, ಸ್ಪೇನ್ ತನ್ನ ಪ್ರಭಾವವನ್ನೆಲ್ಲ ಬಳಸಿತು, ಭಾರಿ ಬಹುಮತದಿಂದ ಸದಸ್ಯತ್ವ ಬಿದ್ದುಹೋಯಿತು. ‘ಫ್ರೆಸ್ನೊ’ ಎಂಬ ಹೆಸರು ಅಂದಿನಿಂದ ಕ್ಯಾಟಲನ್ ಕ್ರೀಡಾಪ್ರೇಮಿಗಳ ಬಾಯಲ್ಲಿ ಬೈಗುಳದ ಹಾಗೆ ಉಳಿದಿದೆ.

ಮುಂದಿನ ಕಥೆ ಸ್ಕೇಟಿಂಗ್ ಅಂಕಣ ಬಿಟ್ಟು ಊಟದ ಮೇಜಿಗೆ ಹೋಯಿತು. ಫ್ರೆಸ್ನೊ ಸಿಟ್ಟಿನಲ್ಲಿ ಕ್ಯಾಟಲನ್ ಎಡಪಂಥೀಯ ಪಕ್ಷದ ನಾಯಕ ಕಾರೊಡ್ ರೊವಿರಾ, 2012ರ ಒಲಿಂಪಿಕ್ಸ್‌ಗಾಗಿ ಮ್ಯಾಡ್ರಿಡ್ ನಡೆಸಿದ್ದ ಪ್ರಯತ್ನಕ್ಕೆ ಕ್ಯಾಟಲನ್ನರು ಬೆಂಬಲ ಕೊಡಬೇಕಿಲ್ಲ ಎಂದುಬಿಟ್ಟರು. ಸ್ಪೇನಿನ ಬೇರೆ ಭಾಗದ ಜನ ಕೆರಳಿದರು. ಕ್ರಿಸ್‌ಮಸ್ ಹತ್ತಿರ. ಹಬ್ಬಕ್ಕೆ ಮನೆಮನೆಯಲ್ಲಿ ತೆರೆಯುವ ನೊರೆ ವೈನ್ ಕಾವಾ. ಅದರ ಬಹುಪಾಲು ತಯಾರಾಗುವುದು ಕ್ಯಾಟಲೋನಿಯಾದಲ್ಲಿ. ಕಾವಾ ಬಹಿಷ್ಕರಿಸಿ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು, ಅಂಗಡಿಗಳಲ್ಲಿ ಬಾಟಲಿ ಉಳಿದವು. ಬಾಟಲಿಯ ಬಿರಡೆ ಮಾಡುವ ಎಕ್ಸ್‌ಟ್ರೆಮದೂರದವರಿಗೆ, ಅಂದರೆ ಸ್ಪೇನಿನದೇ ಇನ್ನೊಂದು ಮೂಲೆಯವರಿಗೂ, ಬಿಸಿ ತಟ್ಟಿತು. ರೋಲರ್ ಹಾಕಿಯ ಮತದಾನದಿಂದ ಬಿರಡೆ ವ್ಯಾಪಾರ ಕೆಡುತ್ತದೆ ಎಂದು ಯಾವ ಜ್ಯೋತಿಷಿ ಹೇಳಬಲ್ಲ?

ಅದೇ 2004ರ ಆಗಸ್ಟಿನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪೋರ್ಟೊ ರಿಕೊ ಅಮೆರಿಕವನ್ನು 92–73ರಿಂದ ಸೋಲಿಸಿತ್ತು. ಪೋರ್ಟೊ ರಿಕೊ ಸ್ವತಂತ್ರ ದೇಶವಲ್ಲ, ಅಮೆರಿಕದ್ದೇ ನೆಲ. ಅಲ್ಲಿನವರು ಅಮೆರಿಕದ ಪ್ರಜೆಗಳು. ಆದರೂ 1948ರಿಂದ ಒಲಿಂಪಿಕ್ಸ್‌ನಲ್ಲಿ ಅವರಿಗೆ ಬೇರೆ ತಂಡ. ಕ್ಯಾಟಲೋನಿಯಾಕ್ಕೆ ಯಾಕಿಲ್ಲ? ಒಲಿಂಪಿಕ್ ಸಂವಿಧಾನದಲ್ಲಿ ‘ದೇಶ’ ಎಂದರೆ ಅಂತರರಾಷ್ಟ್ರೀಯ ಸಮುದಾಯ ಒಪ್ಪಿದ ಸ್ವತಂತ್ರ ರಾಷ್ಟ್ರ ಎಂದು 1996ರಲ್ಲಿ ಬರೆದರು. ಅದಕ್ಕೆ ಮೊದಲು ಬಂದವರು ಒಳಗೆ, ತಡವಾದವರು ಹೊರಗೆ. ಬಾವುಟ, ಭಾಷೆ, ಇತಿಹಾಸ, ಜನರ ಬಯಕೆ ಇವುಗಳ ಬಗ್ಗೆ ಎಷ್ಟೇ ಭಾಷಣ ನಡೆಯಲಿ, ಕೊನೆಗೆ ಗುಮಾಸ್ತ ನೋಡುವುದು ತಾರೀಖನ್ನೇ.

ಬಾಗಿಲು ತೆರೆದಿದ್ದ ಕಾಲದಲ್ಲಿ ಒಳಬಂದವರಲ್ಲಿ ನಾವೂ ಇದ್ದೇವೆ ಎಂಬುದು ನಮಗೇ ನೆನಪಿರುವುದಿಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದಾಗ ಭಾರತ ಎಂಬ ಸ್ವತಂತ್ರ ದೇಶಕ್ಕೆ ಇನ್ನೂ 27 ವರ್ಷ ಬಾಕಿಯಿತ್ತು. 1928, 1932, 1936ರ ಹಾಕಿ ಚಿನ್ನಗಳೂ, 1932ರ ಮೊದಲ ಕ್ರಿಕೆಟ್ ಟೆಸ್ಟೂ ವಸಾಹತಿನ ಹೆಸರಲ್ಲೇ ಬಂದವು. ಬರ್ಲಿನ್‌ನಲ್ಲಿ 1936ರ ಫೈನಲ್‌ಗೆ ಮೊದಲು ಧ್ಯಾನ್‌ಚಂದ್ ಮತ್ತು ಸಂಗಡಿಗರು ಡ್ರೆಸ್ಸಿಂಗ್ ರೂಮಿನಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ವಂದಿಸಿ ಮೈದಾನಕ್ಕಿಳಿದರು. ಹೊರಗೆ ಹಾರುತ್ತಿದ್ದದ್ದು ಬೇರೆ ಬಾವುಟ. ಇವತ್ತಿನ ನಿಯಮ ಅಂದು ಇದ್ದಿದ್ದರೆ ಒಂದೋ ಬ್ರಿಟನ್ನಿನ ಜರ್ಸಿ ತೊಡಬೇಕಿತ್ತು, ಇಲ್ಲವೇ ಗ್ಯಾಲರಿಯಲ್ಲಿ ಕೂರಬೇಕಿತ್ತು.

ಒಳಗೊಂದು ಬಾವುಟ, ಹೊರಗೊಂದು ಬಾವುಟ ಎಂಬ ಪಾಡು ಕ್ಯಾಟಲನ್ ಆಟಗಾರರದೂ ಹೌದು. 2010ರ ಜುಲೈ 10ರ ಸಂಜೆ ಬಾರ್ಸಿಲೋನಾದ ಬೀದಿಗಳಲ್ಲಿ ಜನಸಾಗರ. ಕ್ಯಾಟಲೋನಿಯಾದ ಸ್ವಾಯತ್ತತೆಯ ಕಾಯ್ದೆಗೆ ನ್ಯಾಯಾಲಯ ಕತ್ತರಿ ಹಾಕಿದ್ದನ್ನು ವಿರೋಧಿಸಿ, ನಾವೊಂದು ರಾಷ್ಟ್ರ ಎಂಬ ಬ್ಯಾನರ್ ಹಿಡಿದ ಮೆರವಣಿಗೆ. ಮರುದಿನ ರಾತ್ರಿ ಜೊಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಫೈನಲ್. ಸ್ಪೇನ್ ಕಣಕ್ಕಿಳಿಸಿದ ಹನ್ನೊಂದರಲ್ಲಿ ಐವರು ಕ್ಯಾಟಲನ್ನರು: ಪುಯೋಲ್, ಪಿಕೆ, ಕಾಪ್‌ದೆವಿಲಾ, ಬುಸ್ಕೆಟ್ಸ್, ಷಾವಿ. ಸೆಮಿಫೈನಲ್‌ನಲ್ಲಿ ಜರ್ಮನಿಯನ್ನು ಮುಳುಗಿಸಿದ್ದು ಪುಯೋಲ್ ತಲೆ. ಫೈನಲ್‌ನಲ್ಲಿ ಇನಿಯೆಸ್ಟಾ ಹೊಡೆದ ಗೋಲಿಗೆ ಚೆಂಡು ಒದಗಿಸಿದ ಫ್ಯಾಬ್ರೆಗಾಸ್ ಇನ್ನೊಬ್ಬ ಕ್ಯಾಟಲನ್. ಗೆದ್ದ ಮೇಲೆ ಪುಯೋಲ್ ಮತ್ತು ಷಾವಿ ಹಳದಿ ಕೆಂಪು ಪಟ್ಟೆಗಳ ಕ್ಯಾಟಲನ್ ಬಾವುಟ ಹಿಡಿದು ಮೈದಾನದಲ್ಲಿ ಓಡಾಡಿದರು. ಸ್ಪೇನ್ ಗೆದ್ದದ್ದು ಅವರಿಗೆ ಸುಳ್ಳಲ್ಲ, ಆ ಬಾವುಟವೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ಎರಡೂ ಕಡೆಯ ಭಾಷಣಕಾರರಿಗೆ ಆಗಲಿಲ್ಲ.

ಪಿಕೆ ಪಟ್ಟ ಪಾಡು ಇನ್ನೊಂದು ಬಗೆಯದು. 2016ರ ಅಕ್ಟೋಬರಿನಲ್ಲಿ ಅಲ್ಬೇನಿಯಾ ವಿರುದ್ಧ ಆಡುವಾಗ ಅವರ ಜರ್ಸಿಯ ತೋಳು ಕತ್ತರಿಸಿದಂತಿತ್ತು. ಗಿಡ್ಡ ತೋಳಿನ ಜರ್ಸಿಯ ಅಂಚಿನಲ್ಲಿ ಸ್ಪೇನ್ ಬಾವುಟದ ಬಣ್ಣದ ಪಟ್ಟಿ ಇರುತ್ತದೆ. ಕ್ಯಾಟಲನ್ ಆಸಾಮಿ ಬಾವುಟ ಕತ್ತರಿಸಿ ಎಸೆದ ಎಂದು ಸಾಮಾಜಿಕ ಜಾಲತಾಣ ಹೊತ್ತಿಕೊಂಡಿತು. ನಿಜ ಏನೆಂದರೆ ಅವರು ತೊಟ್ಟದ್ದು ಉದ್ದ ತೋಳಿನ ಜರ್ಸಿ. ಅದರ ತೋಳಿನಲ್ಲಿ ಆ ಪಟ್ಟಿ ಇರಲೇ ಇಲ್ಲ. ಹಿಂಸೆಯಾಗುತ್ತಿದೆ ಎಂದು ಕತ್ತರಿಸಿಕೊಂಡಿದ್ದರು. ವಿವರಣೆ ಬರುವ ಹೊತ್ತಿಗೆ ಅವರಿಗೆ ಸಾಕಾಗಿತ್ತು. 2018ರ ವಿಶ್ವಕಪ್ ಆದಮೇಲೆ ಸ್ಪೇನ್ ಪರ ಆಡುವುದಿಲ್ಲ ಎಂದು ಅದೇ ರಾತ್ರಿ ಹೇಳಿದರು, ಹೇಳಿದಂತೆ ಬಿಟ್ಟರು.

ಬಿಲ್ಬಾವೊ ಇರುವ ಬಾಸ್ಕ್ ನಾಡಿನವರ ದಾರಿ ಬೇರೆ. ಅವರು ಕಾಯುವುದರಲ್ಲಿ ಪಳಗಿದವರು. 1937ರಲ್ಲಿ, ಅಂತರ್ಯುದ್ಧದ ನಡುವೆ, ಗೆರ್ನಿಕಾ ಪಟ್ಟಣ ಬಾಂಬಿಗೆ ಸುಟ್ಟುಹೋದ ಅದೇ ಏಪ್ರಿಲ್‌ನಲ್ಲಿ, ಬಾಸ್ಕ್ ಸರ್ಕಾರ ಕಟ್ಟಿದ ಫುಟ್‌ಬಾಲ್ ತಂಡವೊಂದು ಪ್ಯಾರಿಸ್ಸಿಗೆ ಹೊರಟಿತು. ನಿರಾಶ್ರಿತರಿಗೆ ಹಣ ಕೂಡಿಸುವುದು, ನಾವಿದ್ದೇವೆ ಎಂದು ಜಗತ್ತಿಗೆ ಹೇಳುವುದು ಅದರ ಕೆಲಸ. ಯುರೋಪ್ ಸುತ್ತಿದ ತಂಡ ಅಟ್ಲಾಂಟಿಕ್ ದಾಟಿ ಮೆಕ್ಸಿಕೊ ಸೇರಿತು, 1938–39ರ ಮೆಕ್ಸಿಕೊ ಲೀಗ್‌ನಲ್ಲಿ ‘ಯೂಸ್ಕಾದಿ’ ಎಂಬ ಹೆಸರಲ್ಲಿ ಆಡಿ ಎರಡನೇ ಸ್ಥಾನ ಪಡೆಯಿತು. ಅಷ್ಟರಲ್ಲಿ ಅವರನ್ನು ಕಳಿಸಿದ ಸರ್ಕಾರದ ನೆಲವೇ ಫ್ರಾಂಕೊ ಕೈ ಸೇರಿತ್ತು. ಆಟಗಾರರು ಲ್ಯಾಟಿನ್ ಅಮೆರಿಕದ ಕ್ಲಬ್ಬುಗಳಿಗೆ ಹಂಚಿಹೋದರು. ಅವರಲ್ಲೊಬ್ಬ ಇಸಿದ್ರೊ ಲಂಗಾರಾ, ಅರ್ಜೆಂಟೀನಾದ ಸ್ಯಾನ್ ಲೊರೆಂಜೊ ಪರ ಮೊದಲ ಪಂದ್ಯದಲ್ಲೇ ರಿವರ್ ಪ್ಲೇಟ್ ವಿರುದ್ಧ ನಾಲ್ಕು ಗೋಲು ಹೊಡೆದ.

ಫುಟ್‌ಬಾಲಿನಲ್ಲಿ ಸಿಗದ ಬಾಗಿಲು ಬಾಸ್ಕರಿಗೆ ಸಿಕ್ಕಿದ್ದು ಅವರದೇ ಆಟದಲ್ಲಿ. ಪೆಲೋಟಾ: ಗೋಡೆಗೆ ಚೆಂಡು ಹೊಡೆಯುವ ಆಟ. ಬರಿಗೈಯಲ್ಲಿ ಆಡುವುದೂ ಉಂಟು, ಬೆತ್ತದ ಬಾಗಿದ ಬುಟ್ಟಿಯನ್ನು ಕೈಗೆ ಕಟ್ಟಿಕೊಂಡು ಆಡುವುದೂ ಉಂಟು. ಬುಟ್ಟಿಯಿಂದ ಚಿಮ್ಮಿದ ಚೆಂಡಿನ ವೇಗ ಗಂಟೆಗೆ 300 ಕಿಲೋಮೀಟರ್ ಮುಟ್ಟುತ್ತದೆ. ನಮ್ಮ ಹಳ್ಳಿಗಳಲ್ಲಿ ಗುಡಿಯ ಮುಂದಿನ ಕಟ್ಟೆ ಇದ್ದ ಹಾಗೆ ಅಲ್ಲಿನ ಊರುಗಳಲ್ಲಿ ಆಟದ ಗೋಡೆ. ಎಷ್ಟೋ ಕಡೆ ಅದು ಚರ್ಚಿನ ಗೋಡೆಗೇ ತಾಗಿಕೊಂಡಿರುತ್ತದೆ. ಆಟದ ಹೆಸರಲ್ಲೇ ‘ಬಾಸ್ಕ್’ ಇದೆ. ಅಂತರರಾಷ್ಟ್ರೀಯ ಬಾಸ್ಕ್ ಪೆಲೋಟಾ ಒಕ್ಕೂಟ 1929ರಿಂದ ಇದೆ. ಆದರೆ ಒಕ್ಕೂಟದ ಪಂದ್ಯಗಳಲ್ಲಿ ಬಾಸ್ಕ್ ತಂಡ ಮಾತ್ರ ಇರಲಿಲ್ಲ! ಗಡಿಯ ಈಚೆಯ ಬಾಸ್ಕರು ಸ್ಪೇನ್ ಜರ್ಸಿಯಲ್ಲಿ, ಆಚೆಯವರು ಫ್ರಾನ್ಸ್ ಜರ್ಸಿಯಲ್ಲಿ ಎದುರುಬದುರಾಗುತ್ತಿದ್ದರು.

2022ರ ಕೊನೆಯಲ್ಲಿ ಸ್ಪೇನ್ ಹೊಸ ಕ್ರೀಡಾ ಕಾಯ್ದೆ ತಂದಿತು. ಸರ್ಕಾರಕ್ಕೆ ಬಾಸ್ಕ್ ಪಕ್ಷದ ಮತ ಬೇಕಿತ್ತು. ಬಾಸ್ಕ್ ಪಕ್ಷಕ್ಕೆ ಒಂದು ವಾಕ್ಯ ಬೇಕಿತ್ತು. ಒಂದು ಪ್ರದೇಶದಲ್ಲಿ ಚಾರಿತ್ರಿಕವಾಗಿ ಬೇರೂರಿದ ಆಟವಾದರೆ ಅಲ್ಲಿನ ಸಂಸ್ಥೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ನೇರವಾಗಿ ಆಡಬಹುದು ಎಂಬ ವಾಕ್ಯ ಕಾಯ್ದೆಯಲ್ಲಿ ಸೇರಿತು. ಪೆಲೋಟಾಗಿಂತ ಬೇರೂರಿದ ಆಟ ಯಾವುದು? 2024ರ ಡಿಸೆಂಬರಿನಲ್ಲಿ ಪಾಂಪ್ಲೋನಾದಲ್ಲಿ ಒಕ್ಕೂಟ ಬಾಸ್ಕ್ ಸಂಸ್ಥೆಯನ್ನು ಪೂರ್ಣ ಸದಸ್ಯನನ್ನಾಗಿ ಒಪ್ಪಿಕೊಂಡಿತು. ಸ್ಪೇನಿನ ಪೆಲೋಟಾ ಒಕ್ಕೂಟ ತಡೆಯಲು ಓಡಾಡಿತು. ತಡೆಯಲಾಗಲಿಲ್ಲ. 2025ರ ಬೇಸಿಗೆಯಲ್ಲಿ ಬಾಸ್ಕ್ ತಂಡ ಅಧಿಕೃತವಾಗಿ ಅಂಕಣಕ್ಕಿಳಿಯಿತು, ಗೆರ್ನಿಕಾದಲ್ಲೇ. ಸ್ಪೇನ್ ತಂಡವೂ ಅಲ್ಲಿತ್ತು.

ಈ ವಾಕ್ಯ ಫುಟ್‌ಬಾಲಿಗೆ ನೆರವಾಗುವುದಿಲ್ಲ. ಕಾಯ್ದೆ ಸ್ಪೇನಿನದು, ನಿಯಮ ಫಿಫಾದ್ದು. ಫಿಫಾದ ಲೆಕ್ಕ ಒಂದು ದೇಶಕ್ಕೆ ಒಂದು ಒಕ್ಕೂಟ. ಬಾರ್ಸಿಲೋನಾದವರಿಗೂ ಬಿಲ್ಬಾವೊದವರಿಗೂ ಸೌಹಾರ್ದ ಪಂದ್ಯವೇ ಗತಿ.

ಬಾಗಿಲು ದಾಟಿದ ಜಿಬ್ರಾಲ್ಟರ್‌ಗೆ ಸಿಕ್ಕಿದ್ದೇನು? 2024ರ ಯುರೋ ಕಪ್ ಅರ್ಹತಾ ಸುತ್ತಿನಲ್ಲಿ ಎಂಟು ಪಂದ್ಯ, ಎಂಟು ಸೋಲು. ಹೊಡೆದ ಗೋಲು ಸೊನ್ನೆ, ತಿಂದದ್ದು 41. 2023ರ ನವೆಂಬರ್ 18ರಂದು ನೀಸ್ ನಗರದಲ್ಲಿ ಫ್ರಾನ್ಸ್ ಒಂದೇ ಪಂದ್ಯದಲ್ಲಿ 14 ಗೋಲು ಹೊಡೆಯಿತು. ಎಂಬಾಪೆ ಮೂರು ಹೊಡೆದರು. ಮೂರು ದಿನ ಬಿಟ್ಟು ನೆದರ್ಲೆಂಡ್ಸ್ ವಿರುದ್ಧ ತವರಿನ ಪಂದ್ಯ. ತವರು ಎಂದರೆ ಮತ್ತೆ ಪೋರ್ಚುಗಲ್‌ನ ಫಾರೊ. ಕೆಂಪು ಜರ್ಸಿಯ ಹನ್ನೊಂದು ಮಂದಿ ಮತ್ತೆ ಸಾಲಾಗಿ ನಿಂತರು, ಗೀತೆ ಮುಗಿಯಿತು, ಆಟ ಶುರುವಾಯಿತು, ಆರು ಗೋಲು ಬಿದ್ದವು.